ಕಂಡಕ್ಟರ್ ಬಾಯಿಗೆ ಹತ್ತು ದಿನ ರಜೆ

ಬಸವಕಲ್ಯಾಣದ ತ್ರಿಪುರಾಂತದ ಕಡೆ ಒಂದು ಓಣಿಯಲ್ಲಿ ಪಾರ್ವತಿಬಾಯಿಯ ಮನೆ. ಅವಳು ಹುಟ್ಟಿದ್ದು ನಿರ್ಣಾದಲ್ಲಿ, ಮದುವೆಯಾಗಿ ಬಂದದ್ದು ಇಲ್ಲಿಗೆ. ಬಂದಾಗಿನಿಂದ ಅವಳು ಶುರು ಮಾಡಿದ ಮಾತನ್ನು ಅವಳೇ ಮುಗಿಸಿದ್ದನ್ನು ಕೇಳಿದವರು ಓಣಿಯಲ್ಲಿ ಯಾರೂ ಇಲ್ಲ. ಮುಗಿಸುವವನು ಅವಳ ಗಂಡ ದಿಗಂಬರ. "ಮೊನ್ನಿ ಬಾಜಾರಕ್ಕ ಹೋಗಿದ್ದೆ ನೋಡ್ರಿ" ಎಂದು ಅವಳು ಬಾಯಿ ತೆರೆದರೆ, ಬಾಜಾರದಲ್ಲಿ ಏನಾಯಿತೆಂಬುದನ್ನು ಆ ದಿನ ಅತ್ತ ಕಡೆ ತಲೆಯನ್ನೂ ಹಾಕದ ದಿಗಂಬರ ಹೇಳಿ ಮುಗಿಸುತ್ತಿದ್ದ. ಅದೂ ಅವಳಿಗಿಂತ ಚೆನ್ನಾಗಿ. ಅವಳ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ.

ದಿಗಂಬರ ಬಸ್ ಕಂಡಕ್ಟರ್. ಇಪ್ಪತ್ತೇಳು ವರ್ಷದಿಂದ ಹೆಚ್ಚೂಕಡಿಮೆ ಒಂದೇ ರೂಟು: ಬಸವಕಲ್ಯಾಣದಿಂದ ಹುಮನಾಬಾದ, ಹುಮನಾಬಾದದಿಂದ ಬಸವಕಲ್ಯಾಣ. ಬೇರೆ ಕಂಡಕ್ಟರುಗಳು ಸೀಟಿ ಊದುತ್ತಾರೆ. ಇವನು ಸೀಟಿಯನ್ನು ಮುಟ್ಟಿದವನೇ ಅಲ್ಲ. ಬಾಯಲ್ಲಿ ಸೀಟಿ ಇಟ್ಟುಕೊಂಡರೆ ಮಾತಾಡುವುದು ಯಾವಾಗ? ಅದಕ್ಕಾಗಿ ತಾನೇ ಒಂದು ಹಿತ್ತಾಳೆ ಗಂಟೆ ತಂದು ಡ್ರೈವರನ ತಲೆಯ ಹತ್ತಿರ ಕಟ್ಟಿ, ಅದರ ಹಗ್ಗವನ್ನು ಬಸ್ಸಿನ ಉದ್ದಕ್ಕೂ ಎಳೆದುಕೊಂಡಿದ್ದ. ಬಸ್ಸು ಬದಲಾದರೆ ಗಂಟೆಯೂ ಬಿಚ್ಚಿಕೊಂಡು ಹೊಸ ಬಸ್ಸು ಹತ್ತುತ್ತಿತ್ತು. ಒಂದು ಸಲ ಬಾರಿಸಿದರೆ ನಿಲ್ಲು, ಎರಡು ಸಲ ಬಾರಿಸಿದರೆ ನಡೆ, ಬಿಡದೆ ಬಾರಿಸಿದರೆ ಹಿಂದಕ್ಕೆ ತಗೋ. ಕೈ ಹಗ್ಗದ ಮೇಲೆ, ಬಾಯಿ ಪ್ರಯಾಣಿಕರ ಮೇಲೆ. ಹೀಗೆ ಸಂಸಾರ ಸಾಗಿತ್ತು.

ಆ ಗಂಟೆಗೆ ಒಂದು ವಿಶೇಷ ಕೆಲಸವೂ ಇತ್ತು. ದಿಗಂಬರನ ಅಕ್ಕ ಧೂಳಮ್ಮನನ್ನು ಕೊಟ್ಟದ್ದು ದಾರಿಯಲ್ಲಿ ಸಿಗುವ ರಾಜೇಶ್ವರಕ್ಕೆ. ತಮ್ಮನ ಬಸ್ಸಿನಲ್ಲಿ ಬಂದು ಅಲ್ಲಿ ಇಳಿದಾಗ ಆಕೆ ದೊಡ್ಡ ಹೆದ್ದಾರಿಯನ್ನು ದಾಟಬೇಕು. ಆಕೆ ಆಚೆ ದಡ ಸೇರುವವರೆಗೆ ದಿಗಂಬರ ಬಸ್ಸು ಬಿಡುತ್ತಿರಲಿಲ್ಲ. ಒಳಗಿದ್ದವರು ಬೈಯಲಿ, ಹಿಂದಿನ ಲಾರಿಯವನು ಹಾರ್ನು ಹೊಡೆಯಲಿ. ಅಕ್ಕ ಆಚೆ ಹೋಗಿ ನಿಂತಳೆಂದರೆ ಎರಡು ಸಲ ಗಂಟೆ. ಅದು ಕಿವಿಗೆ ಬಿದ್ದ ಮೇಲೆಯೇ ಆಕೆ ಊರ ಕಡೆ ಹೆಜ್ಜೆ ಹಾಕುತ್ತಿದ್ದಳು.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಗದ್ದಲ ಇಮ್ಮಡಿಯಾಯಿತು, ದಿಗಂಬರನ ಕೂಗು ನಾಲ್ಕು ಪಟ್ಟಾಯಿತು. "ಒಳಗ ಸರೀರಿ ಅವ್ವಾರ, ನಡುವ ಜಾಗಾ ಅದ" ಎಂದು ಕೂಗಿ ಕೂಗಿ ಅವನ ದನಿ ಒಡೆಯಿತು. ಮೊದಲು ಗೊಗ್ಗರಾಯಿತು, ಆಮೇಲೆ ಮಾತಿನ ನಡುನಡುವೆ ಗಾಳಿ ಮಾತ್ರ ಬರತೊಡಗಿತು. ಬೀದರಿನ ದವಾಖಾನೆಯಲ್ಲಿ ತೋರಿಸಿದಾಗ ಗಂಟಲೊಳಗೆ ಸಣ್ಣ ಗಂಟು ಇದೆ, ತೆಗೆಯಬೇಕು ಎಂದರು. ತೆಗೆದರು. ಮನೆಗೆ ಕಳಿಸುವಾಗ ಡಾಕ್ಟರಮ್ಮ ರೋಗಿಯನ್ನು ಬಿಟ್ಟು ಪಾರ್ವತಿಬಾಯಿಯನ್ನು ಎದುರಿಗೆ ಕೂಡಿಸಿಕೊಂಡರು.

"ಹತ್ತು ದಿನ ಇವರು ಒಂದ ಅಕ್ಷರ ಮಾತಾಡಬಾರದು. ಪಿಸುಪಿಸು ಅನ್ನೋದು ಸೈತ ನಡೆಯಂಗಿಲ್ಲ. ಕೆಮ್ಮಿ ಗಂಟಲು ಸಾಫ್ ಮಾಡೋದೂ ಬ್ಯಾಡ. ಮಾತಾಡಿದ್ರ ದನಿ ಕಾಯಂ ಕೆಟ್ಟುಹೋಗ್ತದ. ಆಪರೇಶನ್ ನಾವು ಮಾಡೀವಿ, ಬಾಯಿ ನೀವು ಕಾಯ್ರಿ."

ದನಿ ಕೆಟ್ಟರೆ ಏನಾಗುತ್ತದೆಂಬುದು ಪಾರ್ವತಿಬಾಯಿಗೆ ಗೊತ್ತಿತ್ತು. ದಿಗಂಬರನನ್ನು ಬಸ್ಸಿನಿಂದ ಇಳಿಸಿ ಡಿಪೋದ ಒಂದು ಕೋಣೆಯಲ್ಲಿ ಕಾಗದಗಳ ಜೊತೆ ಕೂಡಿಸುತ್ತಾರೆ. ಕಾಗದಗಳು ತಿರುಗಿ ಮಾತಾಡುವುದಿಲ್ಲ. ಒಂದು ತಿಂಗಳಲ್ಲಿ ಗಂಡ ಸೊರಗಿ ಕಡ್ಡಿಯಾಗುತ್ತಾನೆ. ಅವನ ಮಾತಿಗೆ ಅವಳು ಎಷ್ಟೇ ರೋಸಿಹೋಗಿರಲಿ, ಆ ಮಾತಿಲ್ಲದ ಮನೆಯನ್ನು ನೆನೆಯಲೂ ಅವಳಿಂದ ಆಗುತ್ತಿರಲಿಲ್ಲ. ಹತ್ತು ದಿನ ಈ ಬಾಯಿ ತೆರೆಯಲು ಬಿಡುವುದಿಲ್ಲ ಎಂದು ಅವಳು ಮನಸ್ಸಿನಲ್ಲೇ ಆಣೆ ಮಾಡಿದಳು.

ಮೊದಲ ದಿನವೇ ಆಣೆ ಹರಿಯುವ ಹಾಗಾಯಿತು. ದಿಗಂಬರನಿಗೆ ಚೀಟಿ ಬರೆಯುವುದು ಒಗ್ಗಲಿಲ್ಲ. "ನೀರು" ಎಂದು ಬರೆಯಬೇಕಾದವನು ಆ ನೀರು ಎಲ್ಲಿಂದ ಬರುತ್ತದೆ, ಮೊದಲು ಹೇಗೆ ಬರುತ್ತಿತ್ತು ಎಂದು ಅರ್ಧ ಹಾಳೆ ಬರೆಯುತ್ತಿದ್ದ. ಅವಳು ಓದಿ ಮುಗಿಸುವಷ್ಟರಲ್ಲಿ ನೀರಡಿಕೆ ತಾಳಲಾರದೆ ಬಾಯಿ ತೆರೆಯುತ್ತಿದ್ದ. ಅವಳು ಒಲೆಯ ಮುಂದಿನಿಂದ ಓಡಿ ಬಂದು ಬಾಯಿ ಮುಚ್ಚುತ್ತಿದ್ದಳು. ಸಂಜೆಯ ಹೊತ್ತಿಗೆ ಅವಳ ಮೊಣಕಾಲು ನೋಯತೊಡಗಿತ್ತು.

ಆಗ ಬಂದವನು ಜಹೀರುದ್ದೀನ್. ಹದಿನಾಲ್ಕು ವರ್ಷದಿಂದ ದಿಗಂಬರನ ಬಸ್ಸಿಗೆ ಡ್ರೈವರ್. ಕೈಯಲ್ಲಿ ಒಂದು ಗಂಟು ಇತ್ತು.

"ಭಾಭಿ, ಫಿಕರ್ ಮಾಡಬ್ಯಾಡ್ರಿ," ಎಂದ. "ನಾ ರಸ್ತೆ ನೋಡ್ಕೋತ ಕುಂತಾವ, ಡ್ಯೂಟಿ ಮ್ಯಾಲ ಇವರ ಮಾರಿ ಯಾವಾಗ ನೋಡೀನಿ? ಹದಿನಾಲ್ಕು ವರ್ಷ ಬರೇ ಗಂಟಿ ಕೇಳೀನಿ. ಮನ್ಯಾಗ ಜಗಳಾ ಆಡಿ ಬಂದಾರೋ, ಹೊಟ್ಟಿ ತುಂಬ ಉಂಡು ಬಂದಾರೋ, ಎಲ್ಲಾ ಗಂಟಿ ಮ್ಯಾಲೇ ಗೊತ್ತಾಗ್ತದ. ತಗೋರಿ, ಇವರ ಬಾಯಿ ತಂದೀನಿ."

ಗಂಟಿನೊಳಗೆ ಬಸ್ಸಿನ ಗಂಟೆ ಇತ್ತು, ಹಗ್ಗದ ಸಮೇತ. ಜಹೀರುದ್ದೀನ್ ಅದನ್ನು ಅಡುಗೆಮನೆಯಲ್ಲಿ ಒಲೆಯ ಮೇಲಿನ ಗೂಟಕ್ಕೆ ಕಟ್ಟಿ, ಹಗ್ಗವನ್ನು ಪಡಸಾಲೆಯ ಮಂಚದವರೆಗೆ ಎಳೆದುಕೊಟ್ಟ. ದಿಗಂಬರ ಹಗ್ಗ ಹಿಡಿದ. ಬೆಳಿಗ್ಗೆಯಿಂದ ಜೋತುಬಿದ್ದಿದ್ದ ಅವನ ಮುಖ ಅರಳಿತು. ಟಿಣ್ ಟಿಣ್. ಪಾರ್ವತಿಬಾಯಿ ಒಲೆ ಹೊತ್ತಿಸಿದಳು.

ಅಲ್ಲಿಂದ ಮನೆ ರೂಟಿಗೆ ಬಿತ್ತು. ಗಂಜಿ ಬಡಿಸುವಾಗ ಎರಡು ಸಲ ಬಾರಿಸಿದರೆ ಇನ್ನಷ್ಟು ಹಾಕು, ಒಂದು ಸಲ ಬಾರಿಸಿದರೆ ಸಾಕು. ಖಾರವಿಲ್ಲದ ಗಂಜಿಯನ್ನು ಮೂರನೆಯ ಹೊತ್ತು ತಂದಾಗ ಗಂಟೆ ಬಿಡದೆ ಬಾರಿಸಿತು. ಎಂದರೆ ಹಿಂದಕ್ಕೆ ತಗೋ. "ಗಾಡಿ ಹಿಂದ ಹೋಗಂಗಿಲ್ರಿ, ಹಿಂದ ಲಾರಿ ನಿಂತದ. ಉಣ್ರಿ," ಎಂದು ಪಾರ್ವತಿಬಾಯಿ ಗಂಗಾಳವನ್ನು ಮುಂದೆ ಸರಿಸಿದಳು. ಅವನು ಉಂಡ.

ಇಷ್ಟಕ್ಕೇ ಮುಗಿದಿದ್ದರೆ ಹತ್ತು ದಿನ ಹೂವೆತ್ತಿದಂತೆ ಕಳೆಯುತ್ತಿತ್ತು. ಆದರೆ ನಮ್ಮ ಕಡೆ ದವಾಖಾನೆಯಿಂದ ಬಂದವರನ್ನು ಸುಮ್ಮನೆ ಬಿಡುವ ರೂಢಿ ಇಲ್ಲ. ಮಾತಾಡಿಸಿಕೊಂಡು ಬರಲೇಬೇಕು. ಒಂದು ಡಜನ್ ಬಾಳೆಹಣ್ಣು, ಒಂದು ಬ್ರೆಡ್ಡು ಹಿಡಿದು ಬಂದವರು ಕುರ್ಚಿ ಎಳೆದುಕೊಂಡು, "ಏನಾಗಿತ್ರಿ? ಮೊದಲಿಂದ ಹೇಳ್ರಿ" ಅನ್ನುತ್ತಾರೆ. ರೋಗಿಯೇ ಹೇಳಬೇಕು, ಮೊದಲಿನಿಂದಲೇ ಹೇಳಬೇಕು. ಹೇಳದಿದ್ದರೆ ಹಣ್ಣು ತಂದದ್ದು ದಂಡ ಎಂದು ಅವರಿಗೆ ಅನಿಸುತ್ತದೆ. ದಿಗಂಬರನ ಬಸ್ಸಿನಲ್ಲಿ ಕೂತವರೆಲ್ಲ ಬಂದರು ಎಂದರೆ ಎರಡು ತಾಲ್ಲೂಕು ಬಂದಂತೆಯೇ.

ಅವನು ಮಾತಾಡುವಂತಿಲ್ಲ ಎಂದಾಗ ಒಬ್ಬೊಬ್ಬರು ಒಂದೊಂದು ಮಾಡಿದರು. ಕೆಲವರು ಅವನಿಗೆ ಕಿವಿ ಕೇಳುವುದಿಲ್ಲವೆಂದುಕೊಂಡು ಕಿರುಚಿದರು. ಕೆಲವರು ತಾವೂ ಮೂಕರಾಗಿ ಕೈಸನ್ನೆಯಲ್ಲಿ ಕೇಳಿದರು, ಅವನು ಕೈಸನ್ನೆಯಲ್ಲಿ ಹೇಳಿದ, ಇಬ್ಬರಿಗೂ ಏನೂ ತಿಳಿಯಲಿಲ್ಲ. ಕೊನೆಗೆ ಹೇಳುವ ಕೆಲಸ ಪಾರ್ವತಿಬಾಯಿಯ ಪಾಲಿಗೆ ಬಂತು. ಮೊದಮೊದಲು ಅವಳಿಗೆ ನಾಲಿಗೆ ತಡವರಿಸಿತು. "ಅದು ಹ್ಯಾಂಗಾತಂದ್ರ" ಎಂದು ಶುರು ಮಾಡಿ, ಅಭ್ಯಾಸಬಲದಿಂದ ಗಂಡನ ಮುಖ ನೋಡಿ ನಿಲ್ಲುತ್ತಿದ್ದಳು. ಮುಗಿಸುವವನು ಮಂಚದ ಮೇಲೆ ಬಾಯಿ ಬಿಗಿದು ಕೂತಿದ್ದ. ಹೀಗಾಗಿ ಅವಳೇ ಮುಗಿಸಬೇಕಾಯಿತು. ಅವಳು ತಪ್ಪಿದಲ್ಲಿ ಅಡುಗೆಮನೆಯ ಗಂಟೆ ಬಿಡದೆ ಬಾರಿಸುತ್ತಿತ್ತು. ಅವಳು ಕಥೆಯನ್ನು ಒಂದಿಷ್ಟು ಹಿಂದಕ್ಕೆ ತಗೊಂಡು ಮತ್ತೆ ಮುಂದೆ ಬಿಡುತ್ತಿದ್ದಳು. ನಾಲ್ಕನೆಯ ದಿನದ ಹೊತ್ತಿಗೆ ಗಂಟೆ ಬಾರಿಸುವುದು ಕಡಿಮೆಯಾಯಿತು. ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟ ರೀತಿ, ಆಪರೇಶನ್ ಕೋಣೆಯ ಬಾಗಿಲು ಮುಚ್ಚಿದಾಗ ತನ್ನ ಕೈಯಲ್ಲಿ ಉಳಿದ ಅವನ ಚಪ್ಪಲಿ, ಇವನ್ನೆಲ್ಲ ಅವಳು ಹೇಳುವಾಗ ಬಂದವರು ಚಹಾ ಆರಲು ಬಿಟ್ಟು ಕೇಳುತ್ತಿದ್ದರು.

ಅಪಾಯ ಬಂದದ್ದು ವೈಜನಾಥನಿಂದ. ಹುಮನಾಬಾದದ ಕೋರ್ಟಿನ ಮುಂದೆ ಅರ್ಜಿ ಟೈಪು ಮಾಡುವ ಆಸಾಮಿ, ಹದಿನೆಂಟು ವರ್ಷದಿಂದ ದಿನಾ ದಿಗಂಬರನ ಬಸ್ಸು, ದಿನಾ ಅದೇ ಕಿಟಕಿಯ ಸೀಟು. ಐದನೆಯ ದಿನ ಮಧ್ಯಾಹ್ನ ಬಂದು ಕೂತವನು ಏಳುವ ಲಕ್ಷಣವೇ ಕಾಣಲಿಲ್ಲ. ಎರಡು ಚಹಾ ಆಯಿತು, ತಾನೇ ತಂದ ಬಾಳೆಹಣ್ಣಿನಲ್ಲಿ ಮೂರು ಆಯಿತು. ಆಮೇಲೆ ಅವನು ಬಸ್ಸಿನ ಟೈಮಿಗೆ ಕೈ ಹಾಕಿದ.

"ಸಂಜಿಗಿ ಆರೂವರಿ ಗಾಡಿ ಬಂಗ್ಲಾಕ್ಕ ಹೋಗಂಗಿಲ್ಲಲ್ರಿ, ಸೀದಾ ಹೋಗ್ತದಲ್ಲ?" ಎಂದ.

ದಿಗಂಬರ ಮಂಚದ ಮೇಲೆ ನೆಟ್ಟಗಾದ. ಆರೂವರೆ ಗಾಡಿ ಎಂಬುದೇ ಇಲ್ಲ. ಇರುವುದು ಆರೂ ಇಪ್ಪತ್ತರ ಗಾಡಿ. ಅದು ಬಂಗ್ಲಾ ಸ್ಟಾಪಿನಲ್ಲಿ ನಿಲ್ಲದೆ ಹೋಗುವುದುಂಟೆ?

"ಮತ್ತ ಮುಂಜಾನಿ ಏಳರ ಗಾಡಿ ಬಂದ್ ಆಗ್ಯಾದಂತ," ಎಂದು ವೈಜನಾಥ ಮುಂದುವರಿಸಿದ.

ಏಳರ ಗಾಡಿ ದಿಗಂಬರನದೇ. ಅವನ ಕತ್ತಿನ ನರ ಉಬ್ಬಿದವು, ಕಣ್ಣು ಹೊರಗೆ ಬಂದವು, ತುಟಿ ಬಿಚ್ಚಿಕೊಂಡವು. ಬೈದರೆ ನುಂಗಿಕೊಳ್ಳುತ್ತಾನೆ, ಹೊಗಳಿದರೂ ಹೇಗೋ ಸುಮ್ಮನಿರುತ್ತಾನೆ, ಆದರೆ ತಪ್ಪು ಟೈಮನ್ನು ಕೇಳಿಕೊಂಡು ಕೂಡುವುದು ಅವನ ಕೈಲಿ ಸಾಧ್ಯವಿಲ್ಲ. ಪಾರ್ವತಿಬಾಯಿಗೆ ಅದು ತಿಳಿಯಿತು. ಬಾಯಿ ಮುಚ್ಚಲು ಮಂಚದವರೆಗೆ ಓಡುವಷ್ಟು ಹೊತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಕೈಗೆ ಸಿಕ್ಕ ಗಂಟೆಯನ್ನೇ ಒಂದು ಸಲ ಜೋರಾಗಿ ಹೊಡೆದಳು. ನಿಲ್ಲು ಎಂದು ಗಂಡನಿಗೆ ಹೇಳಿದ್ದು.

ಟಿಣ್.

ದಿಗಂಬರನ ಬಾಯಿ ಅಲ್ಲೇ ನಿಂತಿತು. ಆದರೆ ಅದೇ ಹೊತ್ತಿಗೆ ವೈಜನಾಥ ಎದ್ದ. ಮಾತಾಡುತ್ತಿದ್ದ ಮಾತನ್ನು ಅಲ್ಲೇ ಬಿಟ್ಟು, ಕಾಲ ಬಳಿಯ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡು, ಕುರ್ಚಿಯ ಬೆನ್ನು ಹಿಡಿದು ಸಂಭಾಳಿಸಿಕೊಂಡು, ಬಾಗಿಲ ಕಡೆ ನಡೆದು, ಮೆಟ್ಟಿಲನ್ನು ಎಡಗಾಲಿನಿಂದ ಇಳಿದು ಹೊರಗೆ ನಿಂತ. ನಿಂತ ಮೇಲೆ ಅವನಿಗೆ ತಾನು ಇಳಿದದ್ದು ಬಸ್ಸಿನಿಂದಲ್ಲ ಎಂಬ ಅರಿವಾಯಿತು. ಓಣಿಯನ್ನು ಆ ಕಡೆ ನೋಡಿದ, ಈ ಕಡೆ ನೋಡಿದ. ಮತ್ತೆ ಒಳಗೆ ಬರಲು ಮಾನ ಅಡ್ಡ ಬಂದಿತು. "ಬರ್ತೀನ್ರಿ ಹಂಗಾದ್ರ," ಎಂದು ಹೋಗಿಯೇಬಿಟ್ಟ.

ಗಂಡಹೆಂಡತಿ ಮುಖಮುಖ ನೋಡಿಕೊಂಡರು. ದಿಗಂಬರ ನಗಬಾರದೆಂದು ಬಾಯಿಗೆ ಟವೆಲ್ಲು ತುರುಕಿಕೊಂಡ, ನಕ್ಕರೂ ಗಂಟಲಿಗೆ ಪೆಟ್ಟೇ.

ಆಮೇಲಿನ ಮೂರು ದಿನ ಪಾರ್ವತಿಬಾಯಿ ಆಡಿದ್ದೇ ಆಟ. ಬಂದವರಿಗೆ ಚಹಾ ಕೊಡುವಳು, ಕಥೆ ಹೇಳುವಳು, ಯಾರಾದರೂ ದಿಗಂಬರನ ಬಾಯಿ ತೆರೆಸುವ ಸೂಚನೆ ಕಂಡರೆ ಒಳಗೆ ಹೋಗಿ ಗಂಟೆ ಒಂದು ಸಲ ಹೊಡೆಯುವಳು. ಹಳೆಯ ಪ್ರಯಾಣಿಕರೆಲ್ಲ ಚೀಲ ಎತ್ತಿಕೊಂಡು ಸಾಲಾಗಿ ಇಳಿದುಹೋಗುತ್ತಿದ್ದರು. ಎಂಟನೆಯ ದಿನ ಒಂದೇ ಹೊಡೆತಕ್ಕೆ ಏಳು ಜನ ಇಳಿದರು. ಅದರಲ್ಲಿ ಇಬ್ಬರು ಹಿಂದಿನ ಬಾಗಿಲು ಹುಡುಕಿಕೊಂಡು ಹಿತ್ತಲಿಗೆ ಹೋದರು. ಇದನ್ನು ನಾನು ಸೇರಿಸಿ ಹೇಳುತ್ತಿಲ್ಲ, ಹಿತ್ತಲ ಮೆಂತ್ಯದ ಮಡಿಯಲ್ಲಿ ಹೆಜ್ಜೆ ಗುರುತು ಇದ್ದವು.

ಆದರೆ ಇಳಿದುಹೋದವರಿಗೆ ಬಾಯಿ ಇರುತ್ತದಲ್ಲ. ದಿಗಂಬರ ಮಂದಿಯ ಜೊತೆ ಮಾತು ಬಿಟ್ಟಿದ್ದಾನೆ, ಗಂಟೆ ಹೊಡೆದು ಹೊರಗೆ ಹಾಕುತ್ತಿದ್ದಾನೆ ಎಂಬ ಸುದ್ದಿ ಅದೇ ಬಸ್ಸು ಹತ್ತಿ ರಾಜೇಶ್ವರದಲ್ಲಿ ಇಳಿಯಿತು. ಒಂಬತ್ತನೆಯ ದಿನ ಬೆಳಿಗ್ಗೆ ಧೂಳಮ್ಮ ಬಂದು ನಿಂತಳು.

ಆಕೆ ಕೂಡಲಿಲ್ಲ, ನೀರು ಮುಟ್ಟಲಿಲ್ಲ.

"ಯಾಕ ತಮ್ಮಾ, ಮಾತು ಬಿಟ್ಟಿ ಅಂತಲ್ಲ? ನಂದೇನು ತಪ್ಪಾತು?"

ಪಾರ್ವತಿಬಾಯಿ ಮುಂದೆ ಬಂದಳು. "ಹಂಗಲ್ರಿ ಅಕ್ಕಾರ, ಡಾಕ್ಟರ್ ಹೇಳ್ಯಾರ. ಹತ್ತು ದಿನ ಮಾತಾಡಂಗಿಲ್ಲ. ನಾಳಿಗಿ ಮುಗೀತದ."

"ಮಾತಾಡದ ಔಷಧ ಯಾವ ದವಾಖಾನ್ಯಾಗ ಕೊಡ್ತಾರ? ನಾ ಸಣ್ಣ ಕೂಸೇನು? ನೀ ಸರಿ ಪಾರ್ವತಿ, ನಾ ನನ್ನ ತಮ್ಮನ್ನ ಕೇಳಾಕತ್ತೇನಿ." ಆಕೆ ಮಂಚದ ಹತ್ತಿರ ಹೋದಳು. ದನಿ ಸಣ್ಣದಾಯಿತು. "ಎತ್ತಿ ಆಡಿಸೀನಿ ನಿನ್ನ. ಒಂದ ಸಲ ಅಕ್ಕಾ ಅನ್ನು. ಹೆಚ್ಚಿಗಿ ಬ್ಯಾಡ. ಅನ್ಲಿಲ್ಲಂದ್ರ ನಾ ಈ ಹೊಸ್ತಿಲಾ ಮತ್ತ ತುಳಿಯಂಗಿಲ್ಲ."

ದಿಗಂಬರನ ಕಣ್ಣು ತುಂಬಿದವು. ಎಂಟು ದಿನ ಎಲ್ಲವನ್ನೂ ಗೆದ್ದವನು ಇದರ ಮುಂದೆ ಸೋತ. ಒಂದೇ ಮಾತು, ಎರಡೇ ಅಕ್ಷರ, ಅಷ್ಟಕ್ಕೆ ಏನಾದೀತು ಎಂದು ಅವನ ಮುಖವೇ ಹೇಳುತ್ತಿತ್ತು. ಅವನು ಉಸಿರೆಳೆದುಕೊಂಡು ಬಾಯಿ ಅಗಲ ಮಾಡಿದ.

ಪಾರ್ವತಿಬಾಯಿ ಗಂಟೆಯ ಕಡೆ ನೋಡಿದಳು, ದೂರ ಇತ್ತು. ಹತ್ತಿರ ಇದ್ದದ್ದು ಬಂದವರು ತಂದ ಬಾಳೆಹಣ್ಣಿನ ರಾಶಿ. ಒಂದನ್ನು ಕಿತ್ತವಳೇ, ಅರ್ಧ ಸಿಪ್ಪೆ ಸುಲಿದಳೋ ಇಲ್ಲವೋ, ಗಂಡನ ಬಾಯಿಗೆ ಇಟ್ಟುಬಿಟ್ಟಳು.

ಬಾಳೆಹಣ್ಣು ಕಚ್ಚಿಕೊಂಡು ದಿಗಂಬರ ಅಕ್ಕನನ್ನು ನೋಡಿದ.

"ನನ್ನ ಕಣ್ಣ ಮುಂದ ನನ್ನ ತಮ್ಮನ ಬಾಯಿ ಕಟ್ತೀಯಾ," ಎಂದು ಧೂಳಮ್ಮ ಸೆರಗು ಹೊದ್ದುಕೊಂಡಳು. "ಆತು. ನಾ ಬರ್ತೀನಿ." ಹೊಸ್ತಿಲು ದಾಟಿದಳು.

ಪಾರ್ವತಿಬಾಯಿಗೆ ಅಳು ಬಂತು. ಗಂಡನ ದನಿ ಉಳಿಸಲು ಹೋಗಿ ಅವನ ಅಕ್ಕನನ್ನೇ ಕಳೆದೆನಲ್ಲ ಎಂದು ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. ಹಿಂದಿನಿಂದ ದಿಗಂಬರ ಓಡಿ ಬಂದ. ಒಂದು ಕೈಯಲ್ಲಿ ಅರ್ಧ ಬಾಳೆಹಣ್ಣು, ಇನ್ನೊಂದರಲ್ಲಿ ಗೂಟದಿಂದ ಕಿತ್ತುಕೊಂಡು ಬಂದ ಗಂಟೆ. ಹಗ್ಗ ನೆಲದ ಮೇಲೆ ಎಳೆದಾಡುತ್ತಿತ್ತು. ಅವನು ಹೆಂಡತಿಯ ಪಕ್ಕದಲ್ಲಿ, ಮೆಟ್ಟಿಲ ಮೇಲೆ ನಿಂತ. ಆದರೆ ಗಂಟೆ ಬಾರಿಸಲಿಲ್ಲ, ಸುಮ್ಮನೆ ಹಿಡಿದುಕೊಂಡು ನಿಂತ.

ಧೂಳಮ್ಮ ಹಿಂದಿರುಗಿ ನೋಡದೆ ಓಣಿ ದಾಟುತ್ತಿದ್ದಳು. ಒಂದು ಆಟೋ ಬಂತು, ನಿಂತಳು. ಎರಡು ಎಮ್ಮೆ ಬಂದವು, ಅವನ್ನೂ ಬಿಟ್ಟುಕೊಟ್ಟಳು. ಆಮೇಲೆ ದಾಟಿ ಆಚೆಯ ಗೋಡೆಯ ಹತ್ತಿರ ಹೋದಳು. ಬಸ್‌ಸ್ಟ್ಯಾಂಡಿನ ದಾರಿ ಬಲಕ್ಕಿತ್ತು. ಆಕೆ ಬಲಕ್ಕೆ ತಿರುಗಲಿಲ್ಲ. ಅಷ್ಟು ಸಿಟ್ಟಿನಲ್ಲೂ ಕಾಲು ಮುಂದೆ ಹೋಗಲಿಲ್ಲ. ಇಪ್ಪತ್ತೇಳು ವರ್ಷದಿಂದ, ರಸ್ತೆ ದಾಟಿದ ಮೇಲೆ ಗಂಟೆಗಾಗಿ ನಿಂತು ಅಭ್ಯಾಸವಾದ ಕಾಲು, ನಿಂತುಬಿಟ್ಟಿತ್ತು.

ಟಿಣ್ ಟಿಣ್.

ಆಕೆ ಗೋಡೆಯ ಕಡೆ ಮುಖ ಮಾಡಿಯೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ತಿರುಗಿ, ಎಮ್ಮೆ ಆಟೋ ಒಂದನ್ನೂ ನೋಡದೆ ಓಣಿ ದಾಟಿ ವಾಪಸ್ ಬಂದಳು. ಅಕ್ಕ ಹಾಗೆ ನೋಡದೆ ದಾಟಿದ್ದಕ್ಕೆ ದಿಗಂಬರ ಗಾಬರಿಯಾಗಿ ಗಂಟೆಯನ್ನು ಬಿಡದೆ ಬಾರಿಸಿದ.

"ಸಾಕು ಬಿಡು, ಬಂದೀನಿ," ಎಂದು ಧೂಳಮ್ಮ ಅವನ ಕೈ ಹಿಡಿದಳು. "ಗಂಟಿಲೆ ಮಾತಾಡಾಕತ್ತಾನ ಅಂತ ಮೊದಲ ಹೇಳಬಾರದಾ ಪಾರ್ವತಿ? ಚಹಾ ಇಡು. ಮತ್ತ ಆ ಬಾಳಿಹಣ್ಣು ಸಿಪ್ಪಿ ತಗದು ಕೊಡು ಅವಗ, ದನಕ್ಕ ಹಾಕಿದಂಗ ಹಾಕೀದಿ."

ಹನ್ನೊಂದನೆಯ ದಿನ ಬೆಳಿಗ್ಗೆ ಪಡಸಾಲೆ ಮತ್ತೆ ತುಂಬಿತ್ತು. ಮೊದಲ ದಿನ ಐದು ನಿಮಿಷಕ್ಕಿಂತ ಹೆಚ್ಚು ಮಾತಾಡಬಾರದೆಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದ್ದರು. ಧೂಳಮ್ಮ ಎರಡು ರಾತ್ರಿಯಿಂದ ಇಲ್ಲೇ ಉಳಿದಿದ್ದಳು. ಜಹೀರುದ್ದೀನ್ ಡ್ಯೂಟಿಯ ಅಂಗಿಯಲ್ಲೇ ಬಂದಿದ್ದ. ವೈಜನಾಥನೂ ಬಂದಿದ್ದ, ಈ ಸಲ ಚೀಲವನ್ನು ಮನೆಯಲ್ಲೇ ಬಿಟ್ಟು, ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದ.

ದಿಗಂಬರ ಮೆಲ್ಲಗೆ, "ಅಕ್ಕಾ," ಎಂದ.

ದನಿ ಸ್ವಚ್ಛವಾಗಿತ್ತು. ಗೊಗ್ಗರು ಇರಲಿಲ್ಲ, ಗಾಳಿ ಇರಲಿಲ್ಲ. ಮದುವೆಯ ಹೊಸದರಲ್ಲಿ ನಿರ್ಣಾದ ಅಂಗಳದಲ್ಲಿ ಕೂತು ಪಾರ್ವತಿಬಾಯಿಯ ಅಪ್ಪನಿಗೆ ಮಾತಾಡಲು ಬಿಡದಿದ್ದ ಆ ಹುಡುಗನ ದನಿಯೇ. ಪಾರ್ವತಿಬಾಯಿಯ ಹತ್ತು ದಿನದ ದಣಿವೆಲ್ಲ ಒಮ್ಮೆಲೇ ಇಳಿಯಿತು. ಅದರ ಬೆನ್ನಿಗೇ ಒಂದು ಸಣ್ಣ ಬೇಸರವೂ ಬಂತು, ಸುಳ್ಳೇಕೆ ಹೇಳಲಿ. ತನ್ನ ಪಾಳಿ ಮುಗಿಯಿತು ಎಂದುಕೊಂಡು ಅವಳು ಚಹಾ ಇಡಲು ಎದ್ದಳು.

ವೈಜನಾಥ ಕುರ್ಚಿಯನ್ನು ಮುಂದೆ ಎಳೆದುಕೊಂಡ. "ಈಗ ಹೇಳ್ರಿ ಕಂಡಕ್ಟರ್ ಸಾಹೇಬ್ರ. ಏನಾಗಿತ್ತು? ಮೊದಲಿಂದ ಹೇಳ್ರಿ."

ದಿಗಂಬರ ಬಾಯಿ ತೆರೆದ. ಐದು ನಿಮಿಷದಲ್ಲಿ ನಾಲ್ಕೂಮುಕ್ಕಾಲು ಇನ್ನೂ ಬಾಕಿ ಇತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದ.

"ಅಕಿನ್ನ ಕೇಳ್ರಿ," ಎಂದ. "ಅಕಿ ನನಗಿಂತ ಛಲೋ ಹೇಳ್ತಾಳ."

ಪಾರ್ವತಿಬಾಯಿ ನಂಬದೆ ನಿಂತಳು. ಅವನು ಮತ್ತೆ ಗೂಟಕ್ಕೆ ಕಟ್ಟಿದ್ದ ಗಂಟೆಯ ಹಗ್ಗವನ್ನು ಎರಡು ಸಲ ಎಳೆದ. ಅವಳು ಚಹಾದ ಪಾತ್ರೆಯನ್ನು ಧೂಳಮ್ಮನ ಕೈಗೆ ಕೊಟ್ಟು, ಬಂದು ಮಂಚದ ಅಂಚಿಗೆ ಕೂತು, "ಅದು ಹ್ಯಾಂಗಾತಂದ್ರ" ಎಂದು ಶುರು ಮಾಡಿದಳು.